ಸೊಪ್ಪಿನ ಓಣಿಯ ದಿಗ್ಬಂಧನ

ಆ ಸಂಜೆ ಹಾಲಿನ ಡೇರಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ನಾವು ಮೂವರಿದ್ದೆವು: ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತನಾದ ನಾನು, ನನ್ನ ಚಿಕ್ಕಪ್ಪನ ಮಗ ಮುನಿರಾಜು, ಕೆಳಗಿನ ಕೇರಿಯ ಕೆಂಪಣ್ಣ. ಮುನಿರಾಜುವಿನ ಫೋನಿನಲ್ಲಿ ಸುದ್ದಿ ಬರುತ್ತಿತ್ತು. ಎಲ್ಲೋ ಎರಡು ದೇಶಗಳಿಗೆ ಜಗಳವಾಗಿ, ಒಂದು ದೇಶ ಇನ್ನೊಂದರ ಬಂದರಿಗೆ ತನ್ನ ಹಡಗುಗಳನ್ನು ಅಡ್ಡ ನಿಲ್ಲಿಸಿತ್ತಂತೆ. ಒಳಕ್ಕೆ ಒಂದು ಮೂಟೆ ಹೋಗುವ ಹಾಗಿಲ್ಲ, ಹೊರಕ್ಕೆ ಒಂದು ಮೂಟೆ ಬರುವ ಹಾಗಿಲ್ಲ. ಇದು ಕಾನೂನು ಪ್ರಕಾರ ಸರಿಯೇ ಎಂದು ಮುನಿರಾಜು ಸುಮ್ಮನೆ ಗಾಳಿಗೆ ಕೇಳಿದ. ಗಾಳಿಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವುದು ನನ್ನ ಹಳೆಯ ಚಟ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಸೇವೆಯಲ್ಲಿದ್ದಾಗಲೂ ಇರಲಿಲ್ಲ. ಸಾಲದ್ದಕ್ಕೆ ಹಿಂದಿನ ದಿನವಷ್ಟೇ ಈ ವಿಷಯದ ಮೇಲೆ ಎರಡು ವಿಡಿಯೋ ನೋಡಿ ಮುಗಿಸಿದ್ದೆ.

ದಿಗ್ಬಂಧನ ಹಾಕಬಹುದು, ಆದರೆ ಅದಕ್ಕೆ ನಾಲ್ಕು ಷರತ್ತುಗಳಿವೆ ಎಂದು ಬೆರಳು ಮಡಿಸಿದೆ. ಮೊದಲು ಎಲ್ಲರಿಗೂ ತಿಳಿಯುವಂತೆ ಘೋಷಣೆ ಮಾಡಬೇಕು. ಹೆಸರಿಗಷ್ಟೇ ಅಲ್ಲದೆ ನಿಜವಾಗಿಯೂ ತಡೆಯಬೇಕು. ತನ್ನವರು, ಅನ್ಯರು ಎಂಬ ಭೇದ ಮಾಡಬಾರದು. ಒಳಗಿರುವ ಸಾಮಾನ್ಯ ಜನರನ್ನು ಹಸಿವಿನಿಂದ ಸಾಯಿಸುವುದೇ ಉದ್ದೇಶವಾಗಿರಬಾರದು; ಅನ್ನ, ಔಷಧಿಗಳನ್ನು ತಪಾಸಣೆ ಮಾಡಿ ಬಿಡಬೇಕು. ಕೆಂಪಣ್ಣ ಬೀಡಿ ಆರಿಸಿ, ಆ ತಪಾಸಣೆ ಮಾಡುವವನು ಯಾರು ಎಂದು ಕೇಳಿದ. ಅಡ್ಡ ನಿಂತವನೇ ಎಂದೆ. "ಹಂಗಾದ್ರೆ ಒಳಗಿರೋನು ಉಣ್ಣೋದು ಬಿಡೋದು ಇವನ ಮರ್ಜಿ ಅನ್ನಿ," ಎಂದು ನಕ್ಕ. ಅಂತಾರಾಷ್ಟ್ರೀಯ ಕಾನೂನು ಇಂಥವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ಎದ್ದು ಬಂದೆ.

ಅದಾಗಿ ಹತ್ತು ದಿನಕ್ಕೆ ಮುನಿರಾಜು ಹೊಸ ಮನೆಯ ಗೃಹಪ್ರವೇಶದ ಕಾರ್ಡು ತಂದುಕೊಟ್ಟ. ಕಾರ್ಡು ಚೆನ್ನಾಗಿತ್ತು. ನಮ್ಮ ಕಡೆ ಕಾರ್ಡು ಕೈಗೆ ಬಂದರೆ ಯಾರೂ ಮುಹೂರ್ತ ನೋಡುವುದಿಲ್ಲ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ ತಮ್ಮ ಹೆಸರು ಎಷ್ಟನೆಯದು ಎಂದು ನೋಡುತ್ತಾರೆ. ನಾನೂ ನೋಡಿದೆ. ಜಡಿಗೇನಹಳ್ಳಿಯ ಅವನ ಭಾಮೈದ ಮೊದಲು, ಆಮೇಲೆ ಭಾಮೈದನ ಷಡ್ಡಕ, ಆಮೇಲೆ ನಾನು ಎಂದೂ ನೋಡದ ಯಾರೋ ಇಬ್ಬರು, ಎಲ್ಲರಿಗಿಂತ ಕೆಳಗೆ, ಪ್ರಿಂಟಿಂಗ್ ಪ್ರೆಸ್ಸಿನವರ ಹೆಸರಿಗೆ ತಾಗಿಕೊಂಡಂತೆ, ನಾನು. ಈ ವಿಷಯದಲ್ಲಿ ಒಂದು ಸಣ್ಣ ವಿವರ ಬಾಕಿ ಇದೆ; ಅದನ್ನು ಆಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ನೀವು ನನ್ನ ಪಕ್ಷ ವಹಿಸುವುದಿಲ್ಲ. ಗೃಹಪ್ರವೇಶಕ್ಕೆ ಹೋದೆ, ಒಬ್ಬಟ್ಟು ಎರಡೇ ತಿಂದೆ. ನಾಲ್ಕು ತಿನ್ನುವವನು ಎರಡೇ ತಿಂದದ್ದನ್ನು ಯಾರೂ ಗಮನಿಸಲಿಲ್ಲ ಎನ್ನುವುದು ಇನ್ನೊಂದು ನೋವು.

ಮುನಿರಾಜುವಿನ ಹಿಪ್ಪುನೇರಳೆ ತೋಟ ನಮ್ಮ ಹಿತ್ತಲಿನಾಚೆ, ಅವನು ರೇಷ್ಮೆ ಸಾಕುವ ಹುಳುಮನೆ ನಮ್ಮ ಮನೆಯ ಮುಂದೆ. ಎರಡಕ್ಕೂ ನಡುವೆ ನನ್ನ ಜಾಗದಲ್ಲೇ ಹಾದುಹೋಗುವ ಒಂದು ಓಣಿ. ನಮ್ಮ ತಾತನ ಕಾಲದಿಂದ ಅದರಲ್ಲೇ ಹುಳುವಿನ ಮೇವಿಗೆ ಸೊಪ್ಪು ಹೋಗಿದೆ. ಅದು ಬಿಟ್ಟರೆ ಕೆರೆ ಏರಿ ಸುತ್ತಬೇಕು. ಏರಿ ಕುಸಿದು ಅಲ್ಲಿ ಸೊಪ್ಪು ಹೇರುವ ಟಿಲ್ಲರ್ ಹೋಗುವುದಿಲ್ಲ, ತಲೆಹೊರೆಯೇ ಗತಿ. ಆಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆಹುಳು ನಾಲ್ಕು ಬಾರಿ ಮೇವು ಬಿಟ್ಟು ಮಲಗಿ ಏಳುತ್ತದೆ, ಅದನ್ನೇ ನಾವು ಜ್ವರ ಎನ್ನುವುದು. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಅದು ತಿನ್ನುವ ಸದ್ದು ಬೀದಿಗೆ ಕೇಳಿಸುತ್ತದೆ. ಆ ವಾರ ಸೊಪ್ಪು ತಪ್ಪಿದರೆ ಬೆಳೆಯೇ ತಪ್ಪಿತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ವಾರವನ್ನು ಆರಿಸಿಕೊಂಡೆ.

ನನ್ನ ದಿಗ್ಬಂಧನ ಸಂಪೂರ್ಣ ಕಾನೂನುಬದ್ಧವಾಗಿತ್ತು. "ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ" ಎಂದು ಆರಂಭಿಸಿ ನೋಟೀಸು ಬರೆದು ಲೈಟು ಕಂಬಕ್ಕೆ ಅಂಟಿಸಿದೆ. ಕಾರ್ಡಿನ ವಿಷಯ ಬರೆಯಲಾಗುವುದಿಲ್ಲವಲ್ಲ. ಟಿಲ್ಲರ್ ಓಡಾಟದಿಂದ ಅಲ್ಲಿ ಹಾದಿರುವ ನನ್ನ ನೀರಿನ ಪೈಪು ಮುಂದೆ ಒಡೆಯುವ ಸಂಭವವಿರುವುದರಿಂದ, ಆತ್ಮರಕ್ಷಣೆಯ ದೃಷ್ಟಿಯಿಂದ, ಓಣಿಯನ್ನು ಮುಚ್ಚಲಾಗಿದೆ ಎಂದು ಬರೆದೆ. ಜಾಲಿ ಮುಳ್ಳು ಕಡಿದು ಓಣಿಗೆ ಅಡ್ಡ ಒಟ್ಟಿದೆ. ನಮ್ಮ ಸೀಮೆಯಲ್ಲಿ ದಾರಿಗೆ ಮುಳ್ಳು ಬಿತ್ತೆಂದರೆ ಅಲ್ಲಿಗೆ ಮಾತು ಮುಗಿಯಿತು, ಮುಂದಿನದೆಲ್ಲ ತಾಲ್ಲೂಕು ಕಚೇರಿ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ. ಭೇದ ಮಾಡಬಾರದೆಂಬ ಷರತ್ತಿಗಾಗಿ ನಮ್ಮ ಹಸುವನ್ನೂ ಆ ದಾರಿಯಲ್ಲಿ ಬಿಡಲಿಲ್ಲ. ಹಸು ನನ್ನನ್ನು ಒಂದು ಥರಾ ನೋಡಿತು. ನನ್ನ ಹೆಂಡತಿ ಸರೋಜ ನೋಡಿದ್ದೂ ಹೆಚ್ಚುಕಡಿಮೆ ಹಾಗೆಯೇ, ಮಾತು ಮಾತ್ರ ಆಡಲಿಲ್ಲ. ಆಡದಿದ್ದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ಮೊದಲ ದಿನ ಮಧ್ಯಾಹ್ನ ಮುನಿರಾಜುವಿನ ಹೆಂಡತಿ ರತ್ನ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಮುಳ್ಳಿನಾಚೆ ಬಂದು ನಿಂತಳು. ಏರಿ ಸುತ್ತಿ ಎರಡು ಹೊರೆ ಹಾಕಿ ಕಾಲು ಸೋತಿದೆ, ಇದೊಂದು ಬಿಡಿ ಭಾವ ಎಂದಳು. ನಾನು ಕಟುಕನಲ್ಲ. ತಪಾಸಣೆ ಮಾಡಿ ಬಿಡುವ ಅವಕಾಶ ಕಾನೂನಿನಲ್ಲೇ ಇದೆಯಲ್ಲ. ಹೊರೆ ಇಳಿಸಿ ಬಿಚ್ಚಲು ಹೇಳಿದೆ. ಬಿಚ್ಚಿದ ಮೇಲೆ ಒಂದು ಜಟಿಲವಾದ ಪ್ರಶ್ನೆ ಎದ್ದಿತು: ಇದು ಅನ್ನವೋ, ಯುದ್ಧ ಸಾಮಗ್ರಿಯೋ? ಹುಳು ತಿನ್ನುವವರೆಗೆ ಇದು ಆಹಾರ, ಒಪ್ಪಿದೆ. ಆದರೆ ತಿಂದ ಮೇಲೆ ಗೂಡಾಗಿ, ಗೂಡು ನೂಲಾಗಿ, ನೂಲು ಸೀರೆಯಾಗಿ, ಆ ಸೀರೆ ಉಟ್ಟುಕೊಂಡು ಇವರ ಭಾಮೈದನ ಹೆಂಡತಿ ಮುಂದಿನ ಸಮಾರಂಭದಲ್ಲಿ ನಮ್ಮೆದುರು ಮೆರೆಯುವುದಿಲ್ಲವೇ? ನಾನು ಈ ಕುರಿತು ಆಳವಾಗಿ ಯೋಚಿಸುತ್ತಿರುವಾಗ ಬಿಸಿಲಿಗೆ ಸೊಪ್ಪು ಬಾಡಿತು. ಬಾಡಿದ ಸೊಪ್ಪನ್ನು ಹುಳು ಮುಟ್ಟುವುದಿಲ್ಲ. ರತ್ನ ಅದನ್ನು ಅಲ್ಲೇ ಸುರಿದು ವಾಪಸು ಹೋದಳು. ನಾನು ತಡೆಯಲಿಲ್ಲ, ಪರಿಶೀಲಿಸಿದೆ ಅಷ್ಟೇ. ಈ ವ್ಯತ್ಯಾಸವನ್ನು ನೀವು ದಯವಿಟ್ಟು ಗಮನಿಸಬೇಕು.

ಸಂಜೆ ಕೆಂಪಣ್ಣ ಆ ಕಡೆ ಬಂದ. ನೋಟೀಸನ್ನು ಎರಡು ಸಲ ಓದಿದ. ಹುಳುಮನೆಗೆ ಹೋಗಿ ಬಂದೆ ಎಂದ. ಹುಳುಗಳು ತಟ್ಟೆಯ ಮೇಲೆ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಾ ಸೊಪ್ಪು ಹುಡುಕುತ್ತಿವೆಯಂತೆ. ನಾನು ನಾಲ್ಕು ಷರತ್ತುಗಳನ್ನು ಮತ್ತೆ ಹೇಳಿದೆ. ಅವನು ಕೇಳಿಸಿಕೊಂಡು, "ನಮ್ಮ ಕೇರಿಗೆ ಬಾವಿ ನೀರು ಬಂದ್ ಮಾಡಿದಾಗ್ಲೂ ನಿಮ್ಮಪ್ಪಾರು ಹಿಂಗೇ ಬರ್ದು, ಓದಿ ಹೇಳಿಯೇ ಮಾಡಿದ್ದು, ಸೆಕ್ರೆಟ್ರಿಗಳೇ. ಅವತ್ತೂ ಎಲ್ಲಾ ಕ್ರಮವಾಗೇ ಇತ್ತು. ನಾವು ಹನ್ನೊಂದು ದಿನ ಕೆರೆ ರಾಡಿ ಕುಡುದ್ವಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ, ಮಳೆ ಬಂದದ್ದನ್ನು ಹೇಳುವ ಹಾಗೆ ಹೇಳಿ ಹೋದ. ನನ್ನ ಅಕ್ಷರ ಥೇಟ್ ಅಪ್ಪನದೇ ಎಂದು ಇಡೀ ಊರು ಹೊಗಳುತ್ತದೆ. ಅವತ್ತು ಕಂಬದ ಮೇಲಿದ್ದ ಆ ಅಕ್ಷರ ನೋಡಲು ನನಗೆ ಅಷ್ಟು ಚೆನ್ನಾಗಿ ಕಾಣಲಿಲ್ಲ. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಕೂತವನಿಗೆ ಏಳುವುದು ಎಷ್ಟು ಕಷ್ಟ ಎನ್ನುವುದು ಕೂತು ನೋಡಿದವರಿಗೇ ಗೊತ್ತು.

ಮೂರನೇ ದಿನ ನನಗೆ ಅನುಮಾನ ಬಂತು. ರತ್ನ ಏರಿಯ ಮೇಲೆ ಕಾಣುತ್ತಿಲ್ಲ, ಹುಳುಮನೆಯಿಂದ ಮಾತ್ರ ಚರಚರ ತಿನ್ನುವ ಸದ್ದು ಬರುತ್ತಿದೆ. ನೀರು ಕುಡಿಯೋಣವೆಂದು ಒಳಗೆ ಹೋದೆ. ನಮ್ಮ ಅಡುಗೆಮನೆಯಲ್ಲಿ ಹಿಪ್ಪುನೇರಳೆ ಎಲೆ ಉದುರಿ ಬಿದ್ದಿತ್ತು. ನಡುಮನೆಯಲ್ಲೂ ಎಲೆ, ದೇವರ ಮನೆಯ ಹೊಸ್ತಿಲ ಮೇಲೆ ಒಂದು ಕಡ್ಡಿ. ಹಿತ್ತಿಲ ಬಾಗಿಲಿನಿಂದ ರತ್ನ ಹೊರೆ ತರುತ್ತಿದ್ದಳು, ಸರೋಜ ಅದನ್ನು ತೆಗೆದುಕೊಂಡು ತಲೆಬಾಗಿಲಿನಿಂದ ದಾಟಿಸುತ್ತಿದ್ದಳು. ಎರಡು ದಿನದಿಂದ ನಾನು ಖಾಲಿ ಓಣಿಯನ್ನು ಕಾಯುತ್ತಿದ್ದೆ. ಸೊಪ್ಪು ನನ್ನ ಮನೆಯ ಹೊಟ್ಟೆಯೊಳಗೇ ಹಾದುಹೋಗುತ್ತಿತ್ತು. ಇದು ದ್ರೋಹ ಎಂದೆ. ಸರೋಜ ಹೊರೆ ಇಳಿಸದೆಯೇ, "ನೋಟೀಸಲ್ಲಿ ಓಣಿ ಅಂತ ಬರ್ದಿದ್ದೀರಿ. ಅಡುಗೆಮನೆ ಅಂತ ಎಲ್ಲಿ ಬರ್ದಿದ್ದೀರಿ, ತೋರ್ಸಿ," ಎಂದಳು. ಮೂವತ್ತು ವರ್ಷ ನೋಟೀಸು ಬರೆದವನು ನಾನು. ಬರೆದಿರಲಿಲ್ಲ. ನೀರು ಕುಡಿದು ಮತ್ತೆ ಹೋಗಿ ಕುರ್ಚಿಯಲ್ಲಿ ಕೂತೆ.

ಐದನೇ ದಿನ ಬೆಳಿಗ್ಗೆ ಮುನಿರಾಜು ಮುಳ್ಳಿನಾಚೆ ಬಂದು, "ಅಣ್ಣಾ, ಹುಳ ಹಣ್ಣಾಗವೆ. ಬರ್ತೀಯಾ?" ಎಂದ. ಮೇವು ಬಿಟ್ಟು ಗೂಡಿಗೆ ಸಿದ್ಧವಾದ ಹುಳುವನ್ನೇ ನಾವು ಹಣ್ಣಾದದ್ದು ಎನ್ನುವುದು; ಅದನ್ನು ಅದೇ ದಿನ ಒಂದೊಂದಾಗಿ ಕೈಯಿಂದ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ಕಟ್ಟಿ ಹಾಳಾಗುತ್ತದೆ. ಅದಕ್ಕೇ ಅವತ್ತು ಎಲ್ಲ ಮನೆಗೂ ಕರೆ ಹೋಗುತ್ತದೆ. ನಮ್ಮೂರಿನಲ್ಲಿ ಕೋರ್ಟಿನಲ್ಲಿ ಎದುರುಬದುರು ನಿಂತವರೂ ಆ ಕರೆಗೆ ಇಲ್ಲ ಎನ್ನುವುದಿಲ್ಲ. ಪಕ್ಕಪಕ್ಕ ಕೂತು ಹುಳು ಆರಿಸಿ, ಮರುದಿನ ಮತ್ತೆ ಕೇಸಿಗೆ ಹೋಗುತ್ತಾರೆ. ನಾನೂ ಹೊರಟೆ. ಯಾರಿಗೂ ಪ್ರವೇಶವಿಲ್ಲ ಎಂದು ನಾನೇ ಬರೆದಿದ್ದರಿಂದ ಓಣಿ ಕಡೆ ತಿರುಗದೆ, ಮನೆಯ ಮುಂದಿದ್ದ ಹುಳುಮನೆಗೆ ಹಿತ್ತಿಲಿನಿಂದ ಇಳಿದು, ಇಡೀ ಏರಿ ಸುತ್ತಿಕೊಂಡು ಹೋದೆ. ತಲೆಬಾಗಿಲು ಬಳಸಬಹುದಿತ್ತು. ಅಲ್ಲಿ ಸರೋಜ ನಿಂತಿದ್ದಳು.

ಕೆಂಪಣ್ಣ ನನ್ನ ಎಡಕ್ಕೆ, ಮುನಿರಾಜು ಬಲಕ್ಕೆ. ಹುಳುಗಳು ಜೇನಿನ ಬಣ್ಣಕ್ಕೆ ತಿರುಗಿ, ಬೆರಳ ಮೇಲೆ ತಣ್ಣಗೆ ಹರಿಯುತ್ತಿದ್ದವು. ಮುನಿರಾಜು ತಲೆ ಎತ್ತದೆ, "ಅಲ್ಲಣ್ಣಾ, ಆ ಕಾರ್ಡಿನ ಒಕ್ಕಣೆ ನೀನೇ ತಾನೆ ಬರ್ಕೊಟ್ಟಿದ್ದು? ಹೆಸ್ರು ಕೇಳಿದ್ರೆ 'ನಂದೇನು, ಕೊನೇಲಿ ಹಾಕಪ್ಪ' ಅಂತ ನೀನೇ ಅಂದ್ಯಲ್ಲ," ಎಂದ. ಆಮೇಲೆ ಹೇಳುತ್ತೇನೆ ಎಂದಿದ್ದ ವಿವರ ಇದೇ. ಹೌದು, ಅಂದಿದ್ದೆ. ನಮ್ಮಲ್ಲಿ ಕೊನೆಗೆ ಹಾಕು ಎಂದರೆ ಮೊದಲು ಹಾಕು ಎಂದು ಅರ್ಥ, ಒಡಹುಟ್ಟಿದಂತಿದ್ದವನಿಗೆ ಇಷ್ಟೂ ತಿಳಿಯಬೇಡವೇ? ಇನ್ನೊಂದು ಹುಳು ಎತ್ತಿ ಚಂದ್ರಂಕಿಗೆ ಬಿಟ್ಟೆ.

ಮರುದಿನ ಸರೋಜ ಓಣಿಯ ಮುಳ್ಳನ್ನೆಲ್ಲ ಎಳೆದು ತಂದು ಹಂಡೆ ಒಲೆಗೆ ಹಾಕಿದಳು. ಹೊತ್ತಿಸಲು ನೋಟೀಸು ಬಳಸಿದಳು. ನಾನು ಸ್ನಾನ ಮಾಡುತ್ತಿದ್ದಾಗ, ಹುಳುಮನೆಯ ಕಸವನ್ನು ತೋಟಕ್ಕೆ ಹೊತ್ತ ಟಿಲ್ಲರ್ ಓಣಿಯಲ್ಲಿ ಹೋದ ಸದ್ದಾಯಿತು. ಮೈ ಒರೆಸಿಕೊಂಡು ಹೋಗಿ ನೋಡಿದೆ. ಪೈಪು ಒಡೆದಿತ್ತು. ಅತ್ತ ಇತ್ತ ನೋಡಿ, ಒಂದು ಗೋಣಿತಾಟು ಸುತ್ತಿ ಬಿಗಿಯಾಗಿ ಕಟ್ಟಿ ಒಳಗೆ ಬಂದೆ.