ಹಜಾರದ ಯುದ್ಧ ಸಂಗ್ರಹಾಲಯ

ಈರುಳ್ಳಿ! ರಣರಂಗದ ಹೊಗೆ ಕುಡಿದು, ಶತ್ರುಸೈನಿಕನ ತಲೆ ಕಾಯ್ದ ಶಿರಸ್ತ್ರಾಣದ ತುಂಬ ಈರುಳ್ಳಿ! ಬಸ್ ಡಿಪೋದ ಟೈಮ್‌ಕೀಪರ್ ಸಾಹೇಬರಿಗೆ ನಖಶಿಖಾಂತ ಉರಿದುಹೋಯಿತು. ಉರಿಯದೆ ಏನು ಮಾಡೀತು?

"ಯಾರೇ ಇದನ್ನ ಇದರಲ್ಲಿ ತುಂಬಿದ್ದು?"

"ನಾನೇ," ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಬುಟ್ಟಿ ಹರಿದು ಎಷ್ಟು ದಿನ ಆಯ್ತು, ಹೊಸದು ತಂದ್ರಾ? ಈ ತಗಡಿನ ಟೋಪಿ ಸುಮ್ನೆ ಬಾಯಿ ತೆರ್ಕೊಂಡು ಬಿದ್ದಿತ್ತು."

"ತಗಡಿನ ಟೋಪಿ! ಒಬ್ಬ ವೀರ ಪ್ರಾಣ ಒತ್ತೆಯಿಟ್ಟು ಶತ್ರುವಿನ ತಲೆಯಿಂದ ಕಿತ್ತು ತಂದಿದ್ದು ಕಣೇ ಇದು!"

"ಪಾಪ, ಅವರ ಮನೇಲೂ ಬುಟ್ಟಿ ಇರಲಿಲ್ಲವೇನೋ."

ಇಂಥವಳ ಜೊತೆ ಇತಿಹಾಸದ ಮಾತಾಡುವುದಾದರೂ ಹೇಗೆ? ಸಾಹೇಬರು ಸ್ವತಃ ಯುದ್ಧ ಕಂಡವರಲ್ಲ. (ಯಾವ ಬಸ್ಸು ಮೊದಲು ಹೊರಡಬೇಕೆಂದು ಇಬ್ಬರು ಡ್ರೈವರುಗಳು ಕೊರಳಪಟ್ಟಿ ಹಿಡಿದುಕೊಂಡಾಗ ಅವರು ಮೇಜಿನ ಕೆಳಗೆ ಪೆನ್ನು ಹುಡುಕುತ್ತಿದ್ದರು.) ಆದರೆ ಯುದ್ಧದಿಂದ ಬಂದ ಸಾಮಾನು ಕಂಡರೆ ಅವರಿಗೆ ಮೈಮೇಲೆ ಬರುತ್ತಿತ್ತು. ಬಡಾವಣೆಯ ಮಾಜಿ ಸೈನಿಕರ ಮನೆಗಳಿಗೆ ಹೋಗಿ, ಅವರ ಕಥೆಗೆ "ಅಯ್ಯಯ್ಯೋ, ಆಮೇಲೆ?" ಎಂದು ತಲೆದೂಗಿ, ಬರುವಾಗ ಏನಾದರೊಂದನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಸೈನಿಕರು ಕೊಡಲು ಹಿಂದೆಮುಂದೆ ನೋಡಿದರೆ ಅವರ ಹೆಂಡತಿಯರೇ ಮುಂದೆ ಬಂದು, "ತಗೊಂಡು ಹೋಗಿ ಅಣ್ಣಾ, ನಿಮಗೆ ಪುಣ್ಯ ಬರುತ್ತೆ," ಎಂದು ಚೀಲಕ್ಕೆ ತುಂಬುತ್ತಿದ್ದರು. ಅದೇಕೆ ಇಷ್ಟು ಉದಾರವಾಗಿ ಕೊಡುತ್ತಾರೆ ಎಂದು ಸಾಹೇಬರು ಒಮ್ಮೆಯೂ ಯೋಚಿಸಲಿಲ್ಲ.

ಈರುಳ್ಳಿ ಪ್ರಕರಣದ ಮರುದಿನವೇ ಅವರು ಘನಘೋರ ನಿರ್ಣಯ ಕೈಗೊಂಡರು. ಹಜಾರದಲ್ಲಿ ಯುದ್ಧ ಸಂಗ್ರಹಾಲಯ! ಅದಕ್ಕೆ ಬೆಳಕಿರುವ ಜಾಗ ಬೇಕು. ಬೆಳಕಿರುವುದು ಕಿಟಕಿಯ ಬಳಿ. ಕಿಟಕಿಯ ಬಳಿ ಇರುವುದು ಹೊಲಿಗೆ ಯಂತ್ರ. ಆದ್ದರಿಂದ ಹೊಲಿಗೆ ಯಂತ್ರ ಉಗ್ರಾಣಕ್ಕೆ.

"ಶಾಲೆ ಶುರುವಾಗೋ ಹೊತ್ತು. ಇಷ್ಟೊಂದು ಯೂನಿಫಾರಂ ಹೊಲಿಯೋದಿದೆ. ಆ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸೋಕೆ ನಾನೇನು ಗೂಬೆನಾ?"

"ಇತಿಹಾಸಕ್ಕೆ ಬೆಳಕು ಬೇಕು ಕಣೇ."

"ನನ್ನ ಕಣ್ಣಿಗೆ ಬೇಡ್ವಾ?"

ಬೇಡವಂತೆ. ಯಂತ್ರ ಉಗ್ರಾಣ ಸೇರಿತು. ಅವಳು ಮಾತು ಬಿಟ್ಟಳು. ಸಾಹೇಬರು ತಮ್ಮ ಆರಾಮಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು, ಒಂದೊಂದು ವಸ್ತುವಿಗೂ ಗುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದರು. ಎಲ್ಲದರ ಕೊನೆಗೂ "ಮುಟ್ಟಬಾರದು".

ಭಾನುವಾರ ಉದ್ಘಾಟನೆ. ಮೂವರು ಮಾಜಿ ಸೈನಿಕರು ಬಂದರು: ಸೇನೆಯ ಲಾರಿ ಓಡಿಸುತ್ತಿದ್ದವರು, ಕಹಳೆ ಊದುತ್ತಿದ್ದವರು, ಅಡುಗೆ ಮಾಡುತ್ತಿದ್ದವರು. ಬಂದವರು ಚೀಟಿ ಓದಿದರೆಂದುಕೊಂಡಿರಾ? ಲಾರಿಯವರು ತಾವೇ ಕೊಟ್ಟಿದ್ದ ದುರ್ಬೀನು ಕೊರಳಿಗೆ ಹಾಕಿಕೊಂಡು ಎದುರುಮನೆಯೊಳಗೆ ಇಣುಕಿದರು. ಕಹಳೆಯವರು ತಮ್ಮ ಹಳೆಯ ಕಹಳೆ ಎತ್ತಿ ಊದಿದ ರಭಸಕ್ಕೆ ಬೀದಿನಾಯಿಗಳೆಲ್ಲ ಉತ್ತರ ಕೊಟ್ಟವು. ಅಡುಗೆಯವರು ಮಾತ್ರ ಶಿರಸ್ತ್ರಾಣದ ಚೀಟಿ ಹಿಡಿದು ಕಕ್ಕಾಬಿಕ್ಕಿಯಾದರು.

"'ಭೀಕರ ಕೈಕೈ ಕಾಳಗದಲ್ಲಿ ಶತ್ರುವಿನಿಂದ ಕಸಿದದ್ದು'... ಯಾರು ಸ್ವಾಮಿ ಕಸಿದಿದ್ದು?"

"ನೀವೇ ಅಲ್ವಾ!"

"'ಆ ಕಡೆಯವನದು' ಅಂದಿದ್ದೆ, ಅಷ್ಟೇ." (ನಿಜ. ಉಳಿದ ಕಾಳಗವನ್ನು ಸಾಹೇಬರು ದಾರಿಯಲ್ಲಿ ಬರುತ್ತಾ ತಾವೇ ಮಾಡಿ ಮುಗಿಸಿದ್ದರು.) "ಕದನವಿರಾಮದ ದಿನ ಅವರ ಅಡುಗೆಯವನು ಬಂದು, ಈರುಳ್ಳಿ ಮುಗಿದಿದೆ, ಹುಡುಗರು ಸಪ್ಪೆ ಊಟ ಮಾಡ್ತಿದ್ದಾರೆ ಅಂದ. ಒಂದು ಚೀಲ ಕೊಟ್ಟೆ. ಅವನ ಹತ್ತಿರ ಕೊಡೋಕೆ ಇದ್ದಿದ್ದು ಇದೊಂದೇ. ಆವತ್ತಿಂದ ನಾನು ಇದರಲ್ಲೇ ಈರುಳ್ಳಿ ಇಡ್ತಿದ್ದೆ. ನಮ್ಮನೆಯವಳು ತುಕ್ಕು ಅಂತ ಗೊಣಗಿ ನಿಮಗೆ ದಾಟಿಸಿಬಿಟ್ಟಳು." ಅಡುಗೆಯವರು ಶಿರಸ್ತ್ರಾಣದ ಅಂಚು ಸವರಿದರು. "ಒಳ್ಳೆಯವನು. ಮನೆ ಮುಟ್ಟಿದನೋ ಇಲ್ಲವೋ."

ಅಷ್ಟು ದಿನ ಮಾತು ಬಿಟ್ಟಿದ್ದ ಹೆಂಡತಿ ಒಳಗಿನಿಂದ ಬಂದಳು. ಸೆರಗಿನಲ್ಲಿ ತಂದ ಈರುಳ್ಳಿಯನ್ನು ಒಂದೊಂದಾಗಿ ಶಿರಸ್ತ್ರಾಣಕ್ಕೆ ತುಂಬಿ, ಗಂಡನ ಮುಖ ನೋಡಿದಳು. ಅಡುಗೆಯವರು, "ಹಾಂ, ಈಗ ಸರಿಹೋಯ್ತು ನೋಡು ತಂಗಿ," ಎಂದು ಕಣ್ಣೊರೆಸಿಕೊಂಡರು.

ಅಲ್ಲಿಗಾದರೂ ಮುಗಿಯಬೇಕಿತ್ತು. ಮುಗಿಯಲಿಲ್ಲ! ಮರುದಿನ ಸಂಜೆ ಮೂವರೂ ಮತ್ತೆ ಹಾಜರ್. ಅದರ ಮರುದಿನವೂ. ಸಾಮಾನಿದ್ದಲ್ಲಿ ಅದರ ಧಣಿಗಳು ಬರದೇ ಇರುತ್ತಾರೆಯೇ? ಮನೆಯಲ್ಲಿ ಹೆಂಡತಿಯರು ಕೇಳಿ ಕೇಳಿ ರೋಸಿಹೋಗಿದ್ದ ಕಥೆಗಳಿಗೆ ಇಲ್ಲಿ ಹೊಸ ಕಿವಿ ಸಿಕ್ಕಿತ್ತು. ಆ ಹೆಂಗಸರು ಹೇಳಿದ ಪುಣ್ಯ ಯಾವುದೆಂದು ಸಾಹೇಬರಿಗೆ ಈಗ ತಿಳಿಯಿತು. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಗಿತ್ತು.

"ತಂಗಿ, ಆ ಕತ್ತಲಲ್ಲಿ ಯಾಕಮ್ಮ ಹೊಲಿಯೋದು?" ಎಂದರು ಒಂದು ದಿನ ಕಹಳೆಯವರು. "ಗುಂಡಿ ಕಟ್ಟೋದು ನಮಗೆ ಸೇನೆಯಲ್ಲಿ ಮೊದಲು ಕಲಿಸಿದ ಪಾಠ. ಕೊಡಿಲ್ಲಿ."

ಮೂವರೂ ಯಂತ್ರವನ್ನು ಎತ್ತಿ ತಂದು ಕಿಟಕಿಯ ಬಳಿ ಇಟ್ಟರು. ಆರಾಮಕುರ್ಚಿ ಅಡ್ಡವಾಯಿತು.

"ಅದು ನನ್ನ ಕುರ್ಚಿ! ಇದು ನನ್ನ ಮನೆ!" ಸಾಹೇಬರು ಕೂಗಿದರು.

"ಕುರ್ಚಿ ಎಲ್ಲಿಗೆ ಹೋಗುತ್ತೆ ಸ್ವಾಮಿ? ಉಗ್ರಾಣ ಖಾಲಿ ಇದೆಯಲ್ಲ," ಎಂದರು ಲಾರಿಯವರು, ಬಹಳ ಮರ್ಯಾದೆಯಿಂದ.

ಈಗ ಸಂಜೆಯಾದರೆ ಕಿಟಕಿಯ ಬೆಳಕಲ್ಲಿ ಯಂತ್ರ ಗಡಗಡಿಸುತ್ತದೆ, ಮೂವರು ಯೋಧರು ಶಾಲೆಯ ಅಂಗಿಗಳಿಗೆ ಗುಂಡಿ ಕಟ್ಟುತ್ತಾರೆ, ಹೆಂಡತಿ "ಅಯ್ಯಯ್ಯೋ, ಆಮೇಲೆ?" ಎನ್ನುತ್ತಾಳೆ. ಅದು ಯಾರ ಮಾತು? ಸಾಹೇಬರದ್ದು! ಕಾಫಿ ಮೊದಲು ಹಜಾರಕ್ಕೆ ಹೋಗಿ, ಉಳಿದದ್ದು ಉಗ್ರಾಣಕ್ಕೆ ಬರುತ್ತದೆ. ಮೊನ್ನೆ ಅದೂ ಬರಲಿಲ್ಲ. ಇನ್ನು ಸಹಿಸಲಾರೆ, ಇವತ್ತು ಇತ್ಯರ್ಥವಾಗಿಯೇ ಹೋಗಲಿ ಎಂದು ಸಾಹೇಬರು ಕುರ್ಚಿಯಿಂದ ಧಿಗ್ಗನೆ ಎದ್ದರು. ಉಗ್ರಾಣದ ಅಟ್ಟ ತಲೆಗೆ ಠಣ್ಣೆಂದು ಬಡಿಯಿತು.

ಹಜಾರದಲ್ಲಿ ಯಂತ್ರ ನಿಂತಿತು.

"ಏನ್ರೀ, ತಲೆಗೆ ಪೆಟ್ಟಾಯ್ತಾ?" ಹೆಂಡತಿಯ ದನಿಯಲ್ಲಿ ನಿಜವಾದ ಕಳಕಳಿ ಇತ್ತು. "ಆ ಟೋಪಿ ಹಾಕ್ಕೊಂಡು ಕೂತ್ಕೊಳ್ಳಿ ಅನ್ನೋಣ ಅಂದ್ರೆ, ಅದರ ತುಂಬ ಈರುಳ್ಳಿ ಇದೆ."