ಹುಲಿ ನೋಡಲು ಮೂರು ಸಲ ಹೊರಟೆವು

ಕೆಲವರ ಮನೆಯಲ್ಲಿ ಊರಿಗೆ ಹೊರಡುವುದೆಂದರೆ ಚಪ್ಪಲಿ ಮೆಟ್ಟಿ ಬಾಗಿಲಿಗೆ ಕೀಲಿ ಹಾಕುವುದು, ಅಷ್ಟೆ. ನಮ್ಮ ಮನೆಯಲ್ಲಿ ಹಾಗಲ್ಲ. ನಾವು ಹೊರಟೆವೆಂದರೆ ಪಂಚಾಂಗ, ಬಸ್ಸು, ಮಂದಿಯ ಮನೆಯ ಸಾವು, ಎಲ್ಲವೂ ಸಾಲು ಹಿಡಿದು ಅಡ್ಡ ನಿಲ್ಲುತ್ತಿದ್ದವು. ಈಗ ನೆನೆದರೆ ನಗು ಬರುತ್ತದೆ. ಆವಾಗ ಯಾರಿಗೂ ಬಂದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಇಳಕಲ್ಲಿನಲ್ಲಿ ನಮ್ಮದು ಸೀರೆ ನೇಯುವ ಮನೆ. ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮ ಆಯಿ, ನಾನು, ನನಗಿಂತ ಐದು ವರ್ಷ ಸಣ್ಣವನಾದ ತಮ್ಮ. ನಡುಮನೆಯಲ್ಲಿ ಮಗ್ಗ. ಅಪ್ಪನ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣೂ ಉಳಿಯುವುದಿಲ್ಲ ಎಂದು ಬಾಗಲಕೋಟೆಯ ಡಾಕ್ಟರು ಹೇಳಿ ಕಳಿಸಿದ್ದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರದ ರೋಗ. ಆ ಸುದ್ದಿ ಹೊತ್ತು ಬಂದ ದಿನ ಅಪ್ಪ ಊಟಕ್ಕೆ ಕೂತು ಎರಡನೇ ರೊಟ್ಟಿ ಮುರಿಯುತ್ತ, "ಗದಗಿನ ಕಡೆ ಝೂ ಐತೆಂತ. ಹುಡುಗರಿಗೆ ಹುಲಿ ತೋರಿಸ್ಕೊಂಡ ಬರೂಣು" ಎಂದ.

ನಾವು ಹುಲಿ ಕೇಳಿರಲಿಲ್ಲ. ತಮ್ಮನಿಗೆ ಬೇಕಾಗಿದ್ದದ್ದು ರೈಲು. ಹುಲಿ ಬೇಕಾಗಿದ್ದದ್ದು ಅಪ್ಪನಿಗೆ. ಬುದ್ಧಿ ಬಂದಾಗಿನಿಂದ ಸೀರೆಯ ಅಂಚಿನ ದಡಿ, ಪಟ್ಟಿ, ಸೆರಗು ಎಂದು ನೇಯ್ದವನಿಗೆ, ದೇವರು ನೇಯ್ದ ಪಟ್ಟಿಯನ್ನು ಕಣ್ಣಿರುವಾಗ ಒಮ್ಮೆ ನೋಡಬೇಕೆಂಬ ಆಸೆ. ಬಾಯಿಬಿಟ್ಟು ಹೇಳಲು ನಾಚಿಕೆ, ನಮ್ಮ ಹೆಸರು ಹೇಳಿದ.

೧. ಅಮಾಸಿ

ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುತ್ತಿದ್ದದ್ದು ತಿಂಗಳಿಗೊಂದೇ ದಿನ, ಅಮವಾಸ್ಯೆಗೆ. ಅವತ್ತು ಮಗ್ಗಕ್ಕೆ ಪೂಜೆ, ಹೋಳಿಗೆ, ಮಧ್ಯಾಹ್ನ ನಿದ್ದೆ. ಅಪ್ಪ ಸಹಜವಾಗಿ ಬರುವ ಅಮವಾಸ್ಯೆಗೇ ಹೊರಡುವುದೆಂದ.

ಆಯಿ ಅಡಕೊತ್ತು ಕೆಳಗಿಟ್ಟಳು. "ಅಮಾಸಿ ದಿನ ಮಕ್ಕಳನ್ನ ಕಟಗೊಂಡು ಯಾರರ ಊರ ಬಿಡ್ತಾರೇನೋ?"

"ಮಗ್ಗ ನಿಲ್ಲೂದ ಅವತ್ತವ್ವಾ. ಮರುದಿನ ಆದ್ರ ನಡೀತೈತೇನು?"

"ಮರುದಿನ ಕರಿ, ಕೆಟ್ಟ ದಿನ. ಅದೂ ಬ್ಯಾಡ."

"ಅದರ ಮರುದಿನ?"

"ಅವತ್ತ ನಿನ್ನ ಮಗ್ಗ ನಡದಿರತೈತಿ."

ಬಿಡುವಿರುವ ದಿನ ಹೊರಡುವಂತಿಲ್ಲ, ಹೊರಡಬಹುದಾದ ದಿನ ಬಿಡುವಿಲ್ಲ. ಹೀಗೆ ಮೂರು ಅಮವಾಸ್ಯೆ ಹೋದವು. ಮೂರನೆಯದಕ್ಕೆ ತಮ್ಮ ಅಳುತ್ತ ಕೂತಾಗ ಆಯಿ ಸಮಾಧಾನ ಹೇಳಿದಳು, "ಅಳಬ್ಯಾಡೋ. ಹುಲೀನೂ ದೇವರ ಪ್ರಾಣಿ. ಅಮಾಸಿ ದಿನ ಅದೂ ಎಲ್ಲಿಗೂ ಹೋಗೂದಿಲ್ಲ, ಅಲ್ಲೇ ಇರತೈತಿ."

೨. ಊರಲ್ಲಿಲ್ಲದ ಅಪ್ಪ

ಕೊನೆಗೆ ಮಠದ ಅಯ್ಯನವರು ದಾರಿ ತೋರಿಸಿದರು. ಅಮವಾಸ್ಯೆಗೆ ಮೊದಲಿನ ಒಳ್ಳೆಯ ದಿನವೇ ಒಂದು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬಿಡಬೇಕು. ಇದಕ್ಕೆ ಪ್ರಸ್ಥಾನ ಇಡುವುದು ಅನ್ನುತ್ತಾರೆ. "ಗಂಟು ಹೊಂಟಿತಂದ್ರ ಮನಷ್ಯಾ ಹೊಂಟಂಗ. ಆಮ್ಯಾಲೆ ಅಮಾಸಿ ಬರಲಿ, ಗ್ರಹಣ ಬರಲಿ, ನೀವು ದಾರ್ಯಾಗ ಇದ್ದಂಗ ಲೆಕ್ಕ" ಎಂದರು.

ಮರುದಿನ ಅಮವಾಸ್ಯೆ ಇರುವಾಗ, ಶುಕ್ರವಾರ ಮುಂಜಾನೆ ಗಂಟು ಕಟ್ಟಿದೆವು. ಅಪ್ಪನ ಹೊಸ ಧೋತರ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ಹೋಗುವವನ ಮೈಮೇಲಿನದು ಏನಾದರೂ ಇರಬೇಕೆಂದು ಆಯಿ ಹಟ ಹಿಡಿದಳು. ಅಪ್ಪ, ಒಂದೇ ದಿನದ ಮಾತಲ್ಲವೇ ಎಂದು ತನ್ನ ಕಣ್ಣಿನ ಚಾಳೀಸು ತೆಗೆದು ಗಂಟಿನೊಳಗೆ ಇಟ್ಟ. ಗಂಟು ಎದುರು ಮನೆಗೆ ಹೋಯಿತು.

ಸಂಜೆಗೆ ಎದುರು ಮನೆಯವರಿಗೆ ಹುನಗುಂದದಿಂದ ಸುದ್ದಿ ಬಂತು, ಹತ್ತಿರದವರೊಬ್ಬರು ತೀರಿಕೊಂಡಿದ್ದರು. ಅವರು ಅಳುತ್ತ ಕೀಲಿ ಹಾಕಿ ಹೋದರು. ತಿರುಗಿ ಬಂದದ್ದು ನಾಲ್ಕನೇ ದಿನ.

ಚಾಳೀಸಿಲ್ಲದೆ ಹುಲಿಯೂ ಇಲ್ಲ, ನೇಯ್ಗೆಯೂ ಇಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಎದುರಿನ ಕೀಲಿಯ ಕಡೆ ಮುಖ ಮಾಡಿಕೊಂಡಿರುತ್ತಿದ್ದ. ಆಯಿಗೆ ಶಾಸ್ತ್ರ ದೊಡ್ಡದು. ನೂಲು ಕೊಡುವ ಸಾಹುಕಾರ ನೇಯ್ದ ಸೀರೆ ಕೇಳಲು ಬಂದಾಗ, ಮಗನ ಪಕ್ಕದಲ್ಲೇ ನಿಂತು ಹೇಳಿದಳು, "ನನ್ನ ಮಗ ಊರಾಗಿಲ್ಲರೀ, ಶುಕ್ರವಾರನ ಹೋಗ್ಯಾನ."

ಸಾಹುಕಾರ ಕಣ್ಣುಬಾಯಿ ಬಿಟ್ಟ. "ಮತ್ತ ಇಂವಾ ಯಾರು?"

ಅಪ್ಪನೇ ಉತ್ತರ ಕೊಟ್ಟ. "ನನಗೂ ಕಾಣವಲ್ದರೀ. ಅಂವ ಬಂದ ಮ್ಯಾಲೆ ಕೇಳಿ ಹೇಳ್ತೇನಿ."

೩. ಬಾದಾಮಿಯ ಮರ್ಯಾದಸ್ಥ

ಮರುವರ್ಷದ ಬೇಸಿಗೆಗೆ ಅಪ್ಪ ಯಾರ ಶಾಸ್ತ್ರವನ್ನೂ ಕೇಳಲಿಲ್ಲ. ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ ಬಂದಿದ್ದ. ವಾರದ ನಟ್ಟನಡುವಿನ ಬುಧವಾರ, ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿ ಎದ್ದ. ಅವ್ವ, "ಸೀರಿ ಮುಗಿಸೇರ ಹೋಗೂಣ್ರಿ" ಎಂದಳು. ಅಪ್ಪ, "ಮುಂದ ದಿನಾ ನಿಲ್ಲೂ ಮಗ್ಗ, ಒಂದಿನ ಮೊದಲ ನಿಲ್ಲಲಿ ಬಿಡು" ಎಂದ. ಅವ್ವ ಬುತ್ತಿ ಕಟ್ಟಲು ಎದ್ದಳು.

ತಮ್ಮನ ರೈಲಿನ ಆಸೆಗಾಗಿ ಬಾದಾಮಿಯ ಮೇಲೆ ಹೋಗುವುದೆಂದಾಯಿತು. ಬಸ್ಸು ಗುಳೇದಗುಡ್ಡದಲ್ಲಿ ಪಂಕ್ಚರ್ ಆಗಿ, ನಾವು ಬಾದಾಮಿ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ಮುಂದಿನದರಲ್ಲಿ ಹೋದರೆ ಝೂ ಮುಚ್ಚಿರುತ್ತದೆ. ಬಂದದ್ದು ಬಂದೆವು, ಕೆರೆಯ ದಂಡೆಯಲ್ಲಿ ಬುತ್ತಿ ಉಂಡು ಮನೆಗೆ ಹೋಗೋಣವೆಂದು ಮೆಟ್ಟಿಲ ಮೇಲೆ ಕೂತೆವು. ನಾವು ನಾಲ್ವರೂ ನೀರಿಗಿಳಿದು ಕೈಕಾಲು ತೊಳೆಯುತ್ತಿದ್ದೆವು. ಅಪ್ಪ ಬುತ್ತಿ ಕಾಯುತ್ತಿದ್ದ.

ತಿರುಗಿ ನೋಡಿದರೆ ಅಪ್ಪ ಪಕ್ಕದಲ್ಲಿ ಕೂತ ಯಾರಿಗೋ ರೊಟ್ಟಿ ಕೊಡುತ್ತಿದ್ದಾನೆ. "ತೊಗೊ ತಮ್ಮಾ, ಹಸದಂಗ ಕಾಣ್ತಿ. ನಿಮ್ಮವ್ವ ಎಲ್ಲಿ?"

ಅವರವ್ವ ಹಿಂದೆಯೇ ಬಂದಳು. ಅವರ ಇಡೀ ಬಳಗವೇ ಬಂತು. ರೊಟ್ಟಿ, ಮೊಸರನ್ನ, ಕಡೆಗೆ ಬುತ್ತಿಯ ಅರಿವೆಯೂ ಬಂಡೆ ಹತ್ತಿಹೋಯಿತು. ತಮ್ಮ ಹೊಟ್ಟೆ ಹಿಡಿದು ನಕ್ಕ. ಅವ್ವ ನಗಲಿಲ್ಲ. ಒಂದು ಮಾರು ದೂರದ ಮಂಗ ಅಪ್ಪನಿಗೆ ಹುಡುಗನ ಹಾಗೆ ಕಂಡಿತ್ತು ಎನ್ನುವುದು ನನಗೂ ಆಗ ತಿಳಿಯಿತು.

ಬಸ್ಸಿನಲ್ಲಿ ಆಯಿ ತಡೆಯಲಾರದೆ ಅಂದೇಬಿಟ್ಟಳು, "ಅದು ಮಂಗ್ಯಾ ಆಗಿತ್ತಲೋ."

ಅಪ್ಪ ತಮ್ಮನ ತಲೆ ಸವರಿ, "ಇರಲಿ. ಅದು ರೊಟ್ಟಿ ಎರಡೂ ಕೈಲೆ ತೊಗೊಂತು. ಇಂವಾ ಇನ್ನೂ ಒಂದ ಕೈಲೆ ತೊಗೋತಾನ" ಎಂದ.

೪. ಹುಲಿ

ಇನ್ನೊಂದು ವರ್ಷ ಹೋಯಿತು. ಮಗ್ಗದ ಕುಣಿಗೆ ಅವ್ವ ಇಳಿದಳು. ಅಪ್ಪ ಬೆರಳಿನ ಅಂದಾಜಿನಲ್ಲಿ ನೂಲು ಸುತ್ತುತ್ತಿದ್ದ. ಬಿಸಿಲು ಯಾವ ಕಡೆ, ನೆರಳು ಯಾವ ಕಡೆ ಎನ್ನುವಷ್ಟು ಕಾಣುತ್ತಿತ್ತು. ಒಂದು ಮುಂಜಾನೆ ಆಯಿಯೇ ಬುತ್ತಿ ಕಟ್ಟಿ ಬಾಗಿಲಲ್ಲಿ ನಿಂತು, "ನಡೀರಿ, ಹುಲಿ ನೋಡಿ ಬರೂಣು" ಎಂದಳು. ಅವತ್ತು ಅಮವಾಸ್ಯೆ. ಅದನ್ನು ಅವಳಿಗೆ ನೆನಪಿಸುವ ಧೈರ್ಯ ಯಾರೂ ಮಾಡಲಿಲ್ಲ.

ಗಜೇಂದ್ರಗಡದ ಮೇಲೆ ಹೋಗುವ ಬಸ್ಸು. ಯಾವ ವಿಘ್ನವೂ ಬರಲಿಲ್ಲ, ಅದೇ ನಮಗೆ ಭಯವಾಗಿತ್ತು. ಝೂದ ಗೇಟಿನಲ್ಲಿ ಟಿಕೆಟ್ ಕೊಡುವವನ ಹತ್ತಿರ ಅಪ್ಪ ಏನೋ ಮಾತಾಡುತ್ತ ನಿಂತ. ಅವ್ವ ಅವನ ಕೈ ಹಿಡಿದು ಅಲ್ಲೇ ಉಳಿದಳು. ತಮ್ಮ, ನಾನು, ಆಯಿ ಮುಂದೆ ಹೋದೆವು.

ಹುಲಿಯ ಪಂಜರ ಖಾಲಿ ಇತ್ತು. ಒಬ್ಬ ಕಸಬರಿಗೆಯಿಂದ ನೆಲ ತೊಳೆಯುತ್ತಿದ್ದ. "ಆರಾಮಿಲ್ಲ ಅದಕ್ಕ. ಒಳಗ ಇಟ್ಟಾರ. ಹತ್ತು ದಿನ ಹೊರಗ ಬಿಡೂದಿಲ್ಲ" ಎಂದು ಬಕೆಟ್ ಎತ್ತಿಕೊಂಡು ಹೋದ.

ಹಿಂದಿನಿಂದ ಅಪ್ಪ ಬರುತ್ತಿದ್ದ. ನನಗೆ ಅಳು ಬಂತು. ಮೂರು ವರ್ಷದ ಆಸೆ, ಇದ್ದಷ್ಟು ಬೆಳಕನ್ನು ಕೂಡಿಟ್ಟುಕೊಂಡು ಬಂದವನಿಗೆ ಏನೆಂದು ಹೇಳುವುದು? ತಮ್ಮ ನನ್ನ ಕೈ ಚಿವುಟಿದ. ಅಪ್ಪ ಸರಳು ಹಿಡಿದು ನಿಂತೊಡನೆ, "ಅಪ್ಪಾ, ಮೆಲ್ಲಕ. ಮಕ್ಕೊಂಡೈತಿ" ಎಂದ.

"ಹೌದಾ? ಪಟ್ಟಿ ಹೆಂಗ ಅದಾವು?"

"ಮೈ ಅರಿಶಿಣ ಬಣ್ಣ. ಕರಿ ಪಟ್ಟಿ, ಒಂದ ದಪ್ಪ ಒಂದ ಸಣ್ಣ. ಹೊಟ್ಟಿ ಕಡೆ ಬೆಳ್ಳಗ ದಡಿ ಇದ್ದಂಗ. ಬಾಲ ಸೆರಗಿನಗತೆ ಮುಂದ ಹಾಕ್ಕೊಂಡೈತಿ. ಮುಂದಿನ ಎರಡೂ ಕಾಲ ಚಾಚೇತಿ. ಹಿಂದಿಂದೊಂದು ಮಡಚೇತಿ."

ನಮ್ಮ ಜೀವ ಈಗ ಆಯಿಯ ಬಾಯಲ್ಲಿತ್ತು. ತನ್ನ ಲೆಕ್ಕದಲ್ಲಿ ಹುಟ್ಟಿದಾಗಿನಿಂದ ಸುಳ್ಳಾಡದ ಹೆಂಗಸು. ಅವಳು ಖಾಲಿ ಪಂಜರ ನೋಡಿದಳು, ಮಗನ ಮುಖ ನೋಡಿದಳು. ಸೆರಗು ಬಾಯಿಗೆ ಹಿಡಿದು, "ಮೀಸಿ ಭಾಳ ಛಲೋ ಅದಾವು" ಎಂದಳು.

ಅಪ್ಪ ಕಾಲು ತಾಸು ಅಲ್ಲಿ ನಿಂತ. "ಕಾಣತೈತಿ, ಕಾಣತೈತಿ" ಎಂದ. ಊರಿಗೆ ಬಂದು ಓಣಿಯ ಕಟ್ಟೆಯಲ್ಲಿ ವರ್ಷಗಟ್ಟಲೆ ಆ ಹುಲಿಯ ಕತೆ ಹೇಳಿದ. ಮಾತು ಮುಗಿಸುವಾಗ ಪ್ರತಿಸಲ, "ಪಾಪ, ಅದಕ್ಕ ಕಾಲ ಮಾತ್ರ ಮೂರು" ಅನ್ನುತ್ತಿದ್ದ. ಕಣ್ಣಿಲ್ಲದವನ ಭ್ರಮೆ ಎಂದು ನಾವು ಸುಮ್ಮನಿದ್ದೆವು.

ಆಯಿ ತೀರಿಕೊಂಡ ವರ್ಷ ತಮ್ಮನಿಗೆ ಮನಸ್ಸು ತಡೆಯಲಿಲ್ಲ. ಆಗ ಅವನೇ ಮಗ್ಗಕ್ಕೆ ಕೂರುತ್ತಿದ್ದ. ನೂಲು ಸುತ್ತುತ್ತಿದ್ದ ಅಪ್ಪನ ಮುಂದೆ ಕೂತು, "ಅಪ್ಪಾ, ಅವತ್ತ ಪಂಜರದಾಗ ಹುಲಿ ಇರಲಿಲ್ಲ" ಎಂದು ಅತ್ತ.

ಅಪ್ಪನ ಕೈ ನಿಲ್ಲಲಿಲ್ಲ. "ಗೊತ್ತೈತಲೇ. ಟಿಕೀಟ ಕೊಡಾಂವ ಗೇಟಿನ್ಯಾಗ ಹೇಳಿದ್ದ. ನೀವು ಅಳ್ತೀರಂತ ನಾನೂ ನಿಮ್ಮವ್ವನೂ ಸುಮ್ಮನ ಬಂದ್ವಿ. ಬಂದ್ರ ನೀ ಅಲ್ಲಿ ನೇಯಾಕ ಕುಂತಿದ್ದಿ. ಅಷ್ಟ ಛಲೋ ನೇಯುವಾಗ ನಡುವ ಎಳಿ ಯಾಕ ಹರೀಬೇಕು?"

ನಾನೂ ಅಳುತ್ತಿದ್ದೆ. ಆದರೂ ಕೇಳಿದೆ, "ಹಂಗಾರ ಎಲ್ಲಾರ ಮುಂದ ಮೂರ ಕಾಲು ಅಂತ ಯಾಕ ಹೇಳ್ತಿದ್ದಿ?"

"ಮುಂದಿನ್ವು ಎರಡು, ಹಿಂದಿಂದೊಂದು. ನಿನ್ನ ತಮ್ಮ ಅಷ್ಟ ನೇಯ್ದಾನ. ನೋಡಲಾರದ ಕಾಲನ್ನ ನೋಡೇನಿ ಅಂತ ನಾ ಹೆಂಗ ಸುಳ್ಳ ಹೇಳಲಿ?"