ಕ್ರೇನಿಗೆ ತಡವಾಗಿ ತಲುಪಿದ "ನಿಲ್ಲು"

ಇಂದ:
ನಿಸ್ತಂತು ಜಾಲದ ಮೆಕ್ಯಾನಿಕ್,
ತಗಡಿನ ಸುರುಳಿ ಕಾರ್ಖಾನೆ, ಎರಡನೇ ಶೆಡ್ಡು.

ಗೆ:
ಅಧ್ಯಕ್ಷರು,
ಮುಂದಿನ ತಲೆಮಾರಿನ ಮೊಬೈಲ್ ಜಾಲದ ನಿಯಮ ರೂಪಿಸುವ ಸಮಿತಿ.

ವಿಷಯ: ಹೊಸ ನಿಯಮಗಳಲ್ಲಿ "ನಿಲ್ಲು" ಎಂಬ ಮಾತಿಗೆ ಮೊದಲು ದಾರಿ ಬಿಡುವ ಕುರಿತು.

ಉಲ್ಲೇಖ: ತಾವು ಸಲಹೆ ಕೋರಿ ಪ್ರಕಟಿಸಿದ ಕರಡು. ("ವೇಗ" ಎಂಬ ಪದ ಅದರಲ್ಲಿ ನೂರ ಹನ್ನೆರಡು ಸಲ ಇದೆ. ಎಣಿಸಿದವರು ನಮ್ಮ ಭಾವ. ಅವರಿಗೆ ಆಗ ರಜೆಯಿತ್ತು, ಕಾರಣ ಕೆಳಗಿದೆ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನಮ್ಮ ಅಕ್ಕ ಇದೇ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಕ್ರೇನ್ ನಡೆಸುತ್ತಾಳೆ. ನೆಲದ ಮೇಲೆ ನಿಂತು, ಸೊಂಟಕ್ಕೆ ಕಟ್ಟಿದ ರಿಮೋಟಿನಿಂದ. ಆಕೆಯ ಗಂಡ, ಅಂದರೆ ಭಾವ, ಇಳಿಸಿದ ಸುರುಳಿಗಳ ಮೇಲೆ ಬಣ್ಣದಲ್ಲಿ ನಂಬರ್ ಬರೆಯುತ್ತಾರೆ. ರಿಮೋಟಿನ ಮಾತು ಕ್ರೇನಿಗೆ ಹೋಗುವುದು ಗಾಳಿಯಲ್ಲಿ. ಆ ಗಾಳಿ ನನ್ನ ಜವಾಬ್ದಾರಿ.

೨. ಕಳೆದ ವರ್ಷ ಹೊಸ ಜಾಲ ಹಾಕಿದೆವು. ವೇಗ ಹತ್ತು ಪಟ್ಟು ಎಂದು ಎಲ್ಲರೆದುರು ಕೊಚ್ಚಿಕೊಂಡವನು ನಾನೇ. ಎರಡನೇ ವಾರ ಬೆಳಗಿನ ಪಾಳಿಯಲ್ಲಿ ಆಫೀಸಿನವರು ಮ್ಯಾನೇಜರರ ಬೀಳ್ಕೊಡುಗೆಯ ವಿಡಿಯೊವನ್ನು ಅದೇ ಜಾಲದಲ್ಲಿ ಎಲ್ಲರಿಗೂ ಕಳಿಸಿದರು. ಅದೇ ಹೊತ್ತಿಗೆ ಅಕ್ಕ "ನಿಲ್ಲು" ಗುಂಡಿ ಒತ್ತಿದಳು. ಆಕೆಯ ಮಾತು ವಿಡಿಯೊದ ಹಿಂದೆ ಸಾಲಿನಲ್ಲಿ ನಿಂತುಬಿಟ್ಟಿತು. ಎಂಟು ಟನ್ನಿನ ಸುರುಳಿ ಎರಡು ಸೆಕೆಂಡು ತಡವಾಗಿ, ಭಾವ ನಿಂತಿದ್ದ ಜಾಗಕ್ಕೇ ಬಂದು ನಿಂತಿತು. ಅಕ್ಕನ ಕೂಗು ಅದಕ್ಕಿಂತ ಮೊದಲೇ ತಲುಪಿದ್ದರಿಂದ ಭಾವ ಪಕ್ಕಕ್ಕೆ ಹಾರಿದ್ದರು. ಹಾರಿದ ರಭಸಕ್ಕೆ ಕಾಲಿನ ಎರಡು ಬೆರಳು ಮುರಿದವು. ಉಳಿದ ಭಾವ ಕ್ಷೇಮ.

೩. ಕ್ಯಾಂಟೀನಿನಲ್ಲಿ, ಮನೆಯಲ್ಲೇನಾದರೂ ಜಗಳವಾಗಿತ್ತೇ ಎಂದು ಅಕ್ಕನನ್ನು ಕೇಳಿ ನಕ್ಕರು. ಅವಳು ನಗಲಿಲ್ಲ. ನೇರ ನನ್ನ ಕೋಣೆಗೆ ಬಂದು ರಿಮೋಟ್ ಬಿಚ್ಚಿ ಮೇಜಿನ ಮೇಲಿಟ್ಟಳು.

"ನಾನು ಒತ್ತಿದ್ದೆ ಕಣೋ. ನಿನ್ನ ಗಾಳಿ ಕೇಳಿಸ್ಕೊಳ್ಳಲಿಲ್ಲ," ಎಂದಳು.

ಮೂರು ವಾರ ನನ್ನೊಡನೆ ಮಾತಿಲ್ಲ.

೪. ಆದ್ದರಿಂದ "ನಿಲ್ಲು" ಎಂಬುದಕ್ಕೆ ಬೇರೆಯೇ ದಾರಿ ಮಾಡಿದೆ. ವಿಡಿಯೊಗಳಿಗೆ ಅಲ್ಲಿ ಪ್ರವೇಶವಿಲ್ಲ. ಒಂದೇ ಮಾತನ್ನು ಎರಡು ಆಂಟೆನಾಗಳಿಂದ ಕಳಿಸಿದೆ. ಒಂದರದ್ದು ಶೆಡ್ಡಿನ ಕಂಬಕ್ಕೆ ಬಡಿದು ನಿಂತರೂ ಇನ್ನೊಂದರದ್ದು ಮುಟ್ಟಬೇಕು. ಜೊತೆಗೆ ರಿಮೋಟ್ ಕ್ಷಣಕ್ಷಣಕ್ಕೂ "ಇದ್ದೇನೆ" ಎನ್ನುತ್ತಿರಬೇಕು. ಆ ದನಿ ತಪ್ಪಿದರೆ ಕ್ರೇನ್ ಯಾರ ಅಪ್ಪಣೆಗೂ ಕಾಯದೆ ನಿಲ್ಲಬೇಕು. ಈ ಕಾರಣದಿಂದ ವೇಗ ತುಸು ತಗ್ಗಿತು. ಆಫೀಸಿನವರು ದೂರು ಕೊಟ್ಟರು.

೫. ಆದರೆ ಅಕ್ಕ ನಂಬಬೇಕಲ್ಲ. ಒಂದು ಮಧ್ಯಾಹ್ನ ಆಫೀಸಿನವರಿಗೆಲ್ಲ ವಿಡಿಯೊ ಕಳಿಸಲು ಹೇಳಿ, ಕ್ರೇನಿನ ಖಾಲಿ ಕೊಕ್ಕೆಯ ದಾರಿಯಲ್ಲಿ ನಾನೇ ನಿಂತೆ. ಅಕ್ಕ ಒತ್ತಿದಳು. ಕೊಕ್ಕೆ ಹತ್ತು ಅಡಿ ದೂರದಲ್ಲಿ ನಿಂತಿತು. "ಇನ್ನೊಂದ್ಸಲ," ಎಂದಳು. ಹೀಗೆ ನಲವತ್ತು ಸಲ. ಹನ್ನೆರಡನೇ ಸಲದ ನಂತರದ್ದು ಪರೀಕ್ಷೆಯಲ್ಲ, ಶಿಕ್ಷೆ ಎಂಬುದು ನನ್ನ ಅನುಮಾನ. ಕೊನೆಗೆ ರಿಮೋಟನ್ನು ಸೊಂಟಕ್ಕೆ ಬಿಗಿದುಕೊಂಡು, "ಊಟ ಮಾಡಿದ್ಯಾ?" ಎಂದು ಕೇಳಿದಳು.

ತಮ್ಮ ಹೊಸ ಜಾಲದಲ್ಲಿ ಬಸ್ಸುಗಳೂ ಆಂಬುಲೆನ್ಸುಗಳೂ ಓಡಲಿವೆಯಂತೆ. ಅವುಗಳ ಮುಂದೆಯೂ ಯಾರದೋ ಭಾವ ನಿಂತಿರುತ್ತಾರೆ. ಆದ್ದರಿಂದ ಎಷ್ಟು ಬೇಗ ಎಂಬುದರ ಜೊತೆಗೆ, ಹೇಳಿದ ಹೊತ್ತಿಗೆ ತಲುಪಿತೇ ಎಂಬುದನ್ನೂ ನಿಯಮವಾಗಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮತ್ತು ಅಕ್ಕನ ತಮ್ಮ

ಲಗತ್ತುಗಳು:
ಅ. ನಲವತ್ತು ಪರೀಕ್ಷೆಗಳ ಪಟ್ಟಿ, ಅಕ್ಕನ ಸಹಿಯೊಂದಿಗೆ.
ಆ. ಭಾವನ ಪಾದದ ಎಕ್ಸ್‌ರೇ ನಕಲು. (ಮೂಲ ಪಾದ ಡ್ಯೂಟಿಗೆ ಹಾಜರಾಗಿದೆ.)

ವಿಶೇಷ ಕೋರಿಕೆ: ಕರಡಿಗೆ ಸಹಿ ಹಾಕುವ ಮುನ್ನ ಸಮಿತಿಯ ಒಬ್ಬರಾದರೂ ಬಂದು ಒಂದು ಪಾಳಿ ಭಾವನ ಪಕ್ಕ ನಿಲ್ಲಬೇಕು. ಊಟ ನಮ್ಮದು. ಹೆಲ್ಮೆಟ್ ತಾವೇ ತರತಕ್ಕದ್ದು.